ವಿಕಿರಣದಿಂದ ಹಾನಿಯಿಲ್ಲವೆಂದು ಸಾಬೀತಾದ ಬಗ್ಗೆ

ವಿಕಿರಣವು ಪ್ರಾಣಿಗಳ ಅಂಗಾಂಗಗಳಿಗೆ ದೀರ್ಘಕಾಲದಲ್ಲಿ ಯಾವ ಹಾನಿಯನ್ನೂ ಮಾಡುವುದಿಲ್ಲ ಎಂಬುದನ್ನು ನಮ್ಮ ಸಂಶೋಧನಾ ಸಂಸ್ಥೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಿದೆ. ವಿಕಿರಣಕ್ಕೆ ಒಡ್ಡಿದ ಇಲಿಗಳನ್ನು ವರ್ಷಗಟ್ಟಲೆ ಸಾಕಿ, ಕೊನೆಗೆ ಉಳಿದವುಗಳನ್ನು ಪರೀಕ್ಷಿಸಿದಾಗ ಎಲ್ಲವೂ ಬದುಕಿದ್ದವು. ನಡುವೆ ಸತ್ತವುಗಳ ಬಗ್ಗೆ ನಿಯಮ ಸ್ಪಷ್ಟವಾಗಿದೆ: ಅವು ಸ್ವಇಚ್ಛೆಯಿಂದ ಅಧ್ಯಯನವನ್ನು ತೊರೆದಿವೆ ಎಂದು ಭಾವಿಸತಕ್ಕದ್ದು. ಬಿಟ್ಟು ಹೋದವರನ್ನು ಹಿಡಿದು ಕಾರಣ ಕೇಳಲಾಗುತ್ತದೆಯೇ? ಮೊದಮೊದಲು ಗುಂಡುಕಲ್ಲಿನಂತಿದ್ದ ಇಲಿಗಳು ಆಮೇಲೆ ಮೂತ್ರಪಿಂಡ ಕೆಟ್ಟು, ಮೈ ಊದಿಸಿಕೊಂಡು ಮೂಲೆ ಸೇರುತ್ತಿದ್ದುದು ನಿಜ. ಆದರೆ ಮೂಲೆ ಸೇರುವುದು ಇಲಿಗಳ ಸ್ವಭಾವವೆಂದು ನಿರ್ದೇಶಕರು ವರದಿಯ ಮುನ್ನುಡಿಯಲ್ಲೇ ಬರೆದಿದ್ದಾರೆ.

ಈ ಇಲಿಗಳನ್ನು ನೋಡಿಕೊಳ್ಳುತ್ತಿದ್ದವನನ್ನು ನಾವೆಲ್ಲ ಗೂಡಪ್ಪ ಎಂದು ಕರೆಯುತ್ತಿದ್ದೆವು. ಗೂಡು ತೊಳೆದು, ಮರದ ಹೊಟ್ಟು ಹರವಿ, ನೀರಿನ ಸೀಸೆ ಸಿಕ್ಕಿಸಿ ಅವನು ಊಟಕ್ಕೆ ಕೂರುತ್ತಿದ್ದ ಸ್ಟೂಲು ವಿಕಿರಣ ಯಂತ್ರದ ಕೋಣೆಯ ಗೋಡೆಗೆ ತಾಗಿಕೊಂಡಿತ್ತು. ಆ ಗೋಡೆ ಬಿರುಕು ಬಿಟ್ಟಿತ್ತು. ದುರಸ್ತಿ ಮಾಡಿಸಿದರೆ ಬಿರುಕು ಇತ್ತೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ದೂರದೃಷ್ಟಿಯಿಂದ ನಿರ್ದೇಶಕರು ಅದರ ಮೇಲೆ ‘ಸುರಕ್ಷತೆಯೇ ಮೊದಲು’ ಎಂಬ ಫಲಕ ತೂಗುಹಾಕಿಸಿದ್ದರು.

ಕೆಲವು ವರ್ಷಗಳಲ್ಲಿ ಗೂಡಪ್ಪನ ಕಾಲು ಊದಿತು, ಮುಖ ಊದಿತು. ಎರಡೂ ಕಿಡ್ನಿ ಕೈಕೊಟ್ಟಿವೆ, ಡಯಾಲಿಸಿಸ್ ಮಾಡಿಸುತ್ತಲೇ ಇರದಿದ್ದರೆ ಉಳಿಯುವುದಿಲ್ಲ ಎಂದರು ಆಸ್ಪತ್ರೆಯವರು. ಅವನ ಹೆಂಡತಿ ಸಂಸ್ಥೆಗೆ ಬಂದು, ಚಿಕಿತ್ಸೆ ಕೊಡಿಸಿ ಎಂದು ಬೇಡಿಕೊಂಡಳು.

“ನಿಮ್ಮವರಿಗೆ ಇಲ್ಲಿಂದ ಏನೂ ಆಗಿರೋಕೆ ಸಾಧ್ಯ ಇಲ್ಲಮ್ಮ,” ಎಂದರು ನಿರ್ದೇಶಕರು. “ವರದಿ ಬಂದಿದೆಯಲ್ಲ.”

“ಅದು ಇಲಿಗಳ ವರದಿ ಅಲ್ವಾ ಸ್ವಾಮಿ?”

“ಅಷ್ಟು ಸಣ್ಣ ಪ್ರಾಣಿಗೇ ಏನೂ ಆಗಿಲ್ಲ ಅಂದ್ಮೇಲೆ ಇಷ್ಟು ದೊಡ್ಡ ಮನುಷ್ಯನಿಗೆ ಏನಾಗುತ್ತೆ?”

ಈ ತರ್ಕಕ್ಕೆ ಅಲ್ಲಿದ್ದ ನಾವೆಲ್ಲ ತಲೆದೂಗಿದೆವು. ನಾಚಿಕೆಗೆಟ್ಟವರು ನಾವು.

ಕರುಣೆ ತೋರಿದವರು ಲೆಕ್ಕಾಧಿಕಾರಿ. ನೌಕರರ ಚಿಕಿತ್ಸೆಗೆ ಅನುದಾನವಿಲ್ಲ, ಪ್ರಾಣಿಗಳ ಆರೋಗ್ಯಕ್ಕೆ ಬಂದದ್ದು ಮಾತ್ರ ಖರ್ಚಾಗದೆ ಕೊಳೆಯುತ್ತಿದೆ ಎಂದು ಅವರು ನೆನಪಿಸಿದರು.

“ಅವನನ್ನ ಪ್ರಾಣಿ ಅಂತ ಸೇರಿಸ್ಕೊಂಡ್ರೆ ಆಯ್ತು ಸಾರ್. ಹೇಗೂ ವಿಕಿರಣ ಬಿದ್ದಿದೆ, ಆ ಕೆಲಸವೂ ಉಳೀತು.”

“ಬಿದ್ದಿಲ್ಲ,” ಎಂದರು ನಿರ್ದೇಶಕರು.

“ನೌಕರನಾಗಿ ಬಿದ್ದಿಲ್ಲ ಸಾರ್. ಪ್ರಾಣಿಯಾಗಿ ಬಿದ್ದಿದೆ.”

ಪ್ರಾಣಿ ಹಿತರಕ್ಷಣಾ ಸಮಿತಿ ಸಭೆ ಸೇರಿತು. ಈ ಪ್ರಾಣಿಗೆ ಮೈ ಹೊರಳಿಸುವಷ್ಟು ಜಾಗವಿದೆಯೇ, ಹಾಸು ಒಣಗಿದೆಯೇ, ಯಾರಾದರೂ ಒರಟಾಗಿ ಮಾತಾಡಿಸುತ್ತಾರೆಯೇ ಎಂದೆಲ್ಲ ವಿಚಾರಿಸಿತು. ಗೂಡಪ್ಪನ ಇಡೀ ಸೇವಾವಧಿಯಲ್ಲಿ ಅವನ ಬಗ್ಗೆ ಈ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಬಾಲದ ಉದ್ದ ಎಂಬಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದು ಅವನನ್ನು ಆಗ ನಡೆಯುತ್ತಿದ್ದ ಎರಡನೇ ಅಧ್ಯಯನದ ದೊಡ್ಡ ಗಾತ್ರದ ಇಲಿಗಳ ವರ್ಗಕ್ಕೆ ಸೇರಿಸಲಾಯಿತು.

“ಸಂಬಳ?” ಎಂದಳು ಹೆಂಡತಿ.

“ಇಲಿಗೆಲ್ಲಿ ಸಂಬಳ ತಾಯಿ?” ಎಂದರು ಲೆಕ್ಕಾಧಿಕಾರಿ. “ಊಟ ತೂಕ ಮಾಡಿ ಕೊಡ್ತೀವಿ.”

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ಅವನನ್ನು ಚೆನ್ನಾಗಿಯೇ ನೋಡಿಕೊಂಡರು. ಡಯಾಲಿಸಿಸ್ ಯಂತ್ರ ಬಂತು, ಎ.ಸಿ. ಬಂತು. ಪಶುವೈದ್ಯರು ಬೆಳಗ್ಗೆ ಬಂದು ನಿದ್ದೆ ಬಂತೇ ಎಂದು ಕೇಳುತ್ತಿದ್ದರು. ಪ್ರಾಣಿಯೊಂದು ಬಾಯಿಬಿಟ್ಟು “ಬಂತು ಸಾರ್” ಎಂದಾಗ ಅವರ ಕಣ್ಣು ತುಂಬಿತು. ಊತ ಇಳಿಯಿತು. ಇದನ್ನು ಕಂಡ ಟೈಪಿಸ್ಟ್ ಮತ್ತು ಡ್ರೈವರ್ ತಮ್ಮ ಊಟದ ಡಬ್ಬಿಗಳನ್ನು ತಂದು ಬಿರುಕು ಗೋಡೆಯ ಆ ಫಲಕದ ಕೆಳಗೇ ಕೂತು ಉಣ್ಣಲು ಶುರುಮಾಡಿದರು.

ಅಷ್ಟರಲ್ಲಿ ಅಧ್ಯಯನದ ಅವಧಿ ಮುಗಿಯುತ್ತ ಬಂತು. ಅವಧಿಯ ಕೊನೆಗೆ ಪ್ರತಿ ಪ್ರಾಣಿಯ ಮೂತ್ರಪಿಂಡಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡತಕ್ಕದ್ದು ಎಂಬ ನಿಯಮವಿದೆ. ಸುದ್ದಿ ತಿಳಿದ ಹೆಂಡತಿ ಎದ್ದೆನೋ ಬಿದ್ದೆನೋ ಎಂದು ನಿರ್ದೇಶಕರ ಬಳಿ ಓಡಿಬಂದಳು.

“ಎರಡೂನಾ ಸ್ವಾಮಿ?”

“ಹೋಲಿಸಿ ನೋಡೋಕೆ ಎರಡೂ ಬೇಕಾಗುತ್ತಮ್ಮ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಮ್ಮಲ್ಲಿಯ ಬೆಕ್ಕುಗಳಿಗೆ ಡಾಕ್ಟರೇಟ್ ಕೂಡ ಇತ್ತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, “ಹಾಗಾದ್ರೆ ಅಧ್ಯಯನ ಮುಗಿಸಲೇಬೇಡಿ,” ಎಂದಳು.

ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತರು. ಕೆಲಸ ಯಾವಾಗ ಮುಗಿಸುತ್ತೀರಿ ಎಂದು ಕೇಳುವವರನ್ನೇ ಕಂಡಿದ್ದ ಅವರಿಗೆ ಹೀಗೆ ಹೇಳುವ ಪ್ರಜೆ ಸಿಕ್ಕಿದ್ದು ಇದೇ ಮೊದಲು. ದೀರ್ಘಕಾಲ ಎಂದ ಮೇಲೆ ಅದು ಇನ್ನಷ್ಟು ದೀರ್ಘವಾಗುವುದು ವಿಜ್ಞಾನಕ್ಕೆ ಒಳ್ಳೆಯದೆಂದು ಅವರು ಮೇಲಿನವರಿಗೆ ಬರೆದರು. ಅವಧಿ ವಿಸ್ತರಣೆಯಾಯಿತು. ಜೊತೆಗೆ ಹೊಸ ಕಟ್ಟಡ, ಹೊಸ ಕಾರು, ನಿರ್ದೇಶಕರಿಗೊಂದು ವಿದೇಶ ಪ್ರವಾಸವೂ ಮಂಜೂರಾದವು. ಒಂದೇ ಷರತ್ತಿತ್ತು. ಹೆಂಡತಿ ಅದಕ್ಕೆ ಸಹಿ ಹಾಕಿ, ಇಲಿಗಳ ಕೋಣೆಯ ಗಾಜಿನ ಬಾಗಿಲಿನ ಬಳಿ ಬಂದಳು.

“ಏನಂದ್ರು?” ಎಂದ ಗೂಡಪ್ಪ ಒಳಗಿನಿಂದ.

“ಮುಂದಕ್ಕೆ ಹಾಕಿದಾರೆ ರೀ. ಆದ್ರೆ ನಡುವೆ ನೀವು ಸಾಯೋ ಹಾಗಿಲ್ಲವಂತೆ. ಸತ್ರೆ ನೀವಾಗಿ ನೀವೇ ಬಿಟ್ಟು ಹೋದ್ರಿ ಅಂತ ಬರ್ಕೊತಾರಂತೆ. ನಮಗೆ ಏನೂ ಸಿಗಲ್ಲವಂತೆ.”

ಗೂಡಪ್ಪ ಅಕ್ಕಪಕ್ಕದ ಗೂಡುಗಳ ಕಡೆ ಒಮ್ಮೆ ನೋಡಿದ.

“ಇರಲಿ ಬಿಡು,” ಎಂದ. “ಇಲ್ಲಿ ಎಲ್ರಿಗೂ ಅದೇ ರೂಲ್ಸು.”