ಅವ್ವನ ಬುತ್ತಿಯೂ ಬಸ್‌ಸ್ಟ್ಯಾಂಡಿನ ಮಿರ್ಚಿಯೂ

ಹೋಟೆಲಿನಲ್ಲಿ ತಿಂದದ್ದನ್ನು ಮುಚ್ಚಿಡುವುದು ಒಂದು ಕಾಲಕ್ಕೆ ಮರ್ಯಾದಸ್ಥರ ಲಕ್ಷಣವಾಗಿತ್ತು. ನಮ್ಮ ಜಾಲಹಳ್ಳಿಯಲ್ಲಿ ಯಾರಾದರೂ ಹೋಟೆಲಿನ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರೆ ದಾರಿಯಲ್ಲಿ ಹೋಗುವವರು ನಿಂತು, "ಯಾಕ, ಮನ್ಯಾಗ ಒಲಿ ಹಚ್ಚಿಲ್ಲೇನು?" ಎಂದು ವಿಚಾರಿಸಿಯೇ ಮುಂದಕ್ಕೆ ಹೋಗುತ್ತಿದ್ದರು. ಹೆಂಡತಿ ತವರಿಗೆ ಹೋಗಿರಬೇಕು, ಇಲ್ಲವೇ ಜಗಳ ಆಗಿರಬೇಕು, ಎರಡೂ ಅಲ್ಲದಿದ್ದರೆ ಸಂತೆಗೆ ಬಂದ ಪರವೂರಿನವನಾಗಿರಬೇಕು. ಸುಮ್ಮನೆ ಬಾಯಿಚಪಲಕ್ಕೆ ಹೋಟೆಲಿಗೆ ಹೋಗುವವನಿಗೆ ಹೆಣ್ಣು ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದರು. ಇಂಥ ಊರಿನಿಂದ ನಾನು ಎಂಬತ್ತನೇ ಇಸವಿಯ ಆಚೀಚೆ ರಾಯಚೂರಿಗೆ ಗುಮಾಸ್ತನಾಗಿ ಬಂದೆ. ಮದುವೆ ಆಗಿರಲಿಲ್ಲ, ಅಡಿಗೆ ಬರುತ್ತಿರಲಿಲ್ಲ, ಬಾಯಿಚಪಲ ಮಾತ್ರ ಬೇಕಾದಷ್ಟಿತ್ತು.

ನನ್ನ ಹೊಟ್ಟೆಯ ಚಿಂತೆಯನ್ನು ಅವ್ವ ಬಸ್ಸಿಗೆ ವಹಿಸಿದ್ದಳು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಜಾಲಹಳ್ಳಿಯಿಂದ ಹೊರಡುವ ಮೊದಲ ಬಸ್ಸಿನಲ್ಲಿ ನನ್ನ ಬುತ್ತಿ ಬರುತ್ತಿತ್ತು. ಬಿಳಿ ಅರಿವೆಯಲ್ಲಿ ಕಟ್ಟಿದ, ನಾಲ್ಕು ದಿನವಾದರೂ ಕೆಡದ ಒಣರೊಟ್ಟಿ, ಡಬ್ಬಿಯಲ್ಲಿ ಪಲ್ಯ, ಕಾಗದದಲ್ಲಿ ಶೇಂಗಾ ಚಟ್ನಿ. ಕಂಡಕ್ಟರ್ ಅದನ್ನು ತನ್ನ ಸೀಟಿನ ಪಕ್ಕ ಇಟ್ಟುಕೊಂಡು ದೇವದುರ್ಗ, ಮಸರಕಲ್ ದಾಟಿಸಿ ನನ್ನ ಕೈಗೆ ಒಪ್ಪಿಸುತ್ತಿದ್ದ. ಹಿಂದಿನ ಸಲದ ಖಾಲಿ ಡಬ್ಬಿ, ಅರಿವೆ ಅದೇ ಬಸ್ಸಿನಲ್ಲಿ ಹಿಂದಿರುಗುತ್ತಿದ್ದವು. ರಾಯಚೂರಿನಲ್ಲಿ ಓದುವ, ನೌಕರಿ ಮಾಡುವ ನಮ್ಮ ಕಡೆಯ ಹುಡುಗರೆಲ್ಲ ಹೀಗೇ ಬದುಕಿದವರು. ಟಿಕೆಟ್ ಇಲ್ಲದೆ ಅಷ್ಟು ಗೌರವದಿಂದ ಪ್ರಯಾಣ ಮಾಡಿದ್ದು ನಮ್ಮ ತಾಯಂದಿರ ರೊಟ್ಟಿ ಮಾತ್ರ.

ಆದರೆ ಬುತ್ತಿ ಇಳಿಯುವ ಜಾಗದ ಎದುರಿಗೇ ಮೌನೇಶಪ್ಪನ ಹೋಟೆಲು ಇತ್ತು. ನೆನೆಸಿ ಹಿಂಡಿದ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಿಸೆಹುಳಿ ಹಾಕಿದ ಒಗ್ಗರಣಿ, ಅದರ ಮೇಲೆ ಎಣ್ಣೆಯಿಂದ ಈಗಷ್ಟೇ ಎದ್ದು ಬಂದ ಎರಡು ಮಿರ್ಚಿ. ಕೂತ ಎರಡೇ ನಿಮಿಷಕ್ಕೆ ಪ್ಲೇಟು ಮುಂದೆ ಬರುತ್ತಿತ್ತು. ಮೊದಲು ಪಗಾರದ ದಿನ ಮಾತ್ರ ಹೋಗುತ್ತಿದ್ದೆ. ಆಮೇಲೆ ಭಾನುವಾರವೂ ಹೋದೆ. ಭಾನುವಾರ ಹೋದವನಿಗೆ ಬುಧವಾರ ಏನು ಪಾಪ ಮಾಡಿದೆ ಅನ್ನಿಸಿತು. ವರ್ಷ ತುಂಬುವುದರೊಳಗೆ ದಿನಾ ಮುಂಜಾನೆ ಅಲ್ಲಿ ಹಾಜರಿ ಹಾಕತೊಡಗಿದೆ. ಆಫೀಸಿಗೆ ಒಮ್ಮೊಮ್ಮೆ ತಡವಾಗಿ ಹೋಗಿದ್ದೇನೆ, ಅಲ್ಲಿಗೆ ಒಂದು ದಿನವೂ ತಡ ಮಾಡಿದವನಲ್ಲ.

ಹೀಗಿರುವಾಗ ಬುತ್ತಿ ಏನಾಗಬೇಕು? ಒಂದು ಗುರುವಾರ ಅದನ್ನು ಮೇಜಿನ ಮೇಲಿಟ್ಟು ಮಿರ್ಚಿ ಕಡಿಯುತ್ತಿದ್ದೆ. ಮೌನೇಶಪ್ಪ ಬಂದು ನಿಂತ. ಮಾನವಿ ಕಡೆಯ ಚೀಕಲಪರ್ವಿಯವನು, ಐವತ್ತು ದಾಟಿದ ಒಂಟಿ ಮನುಷ್ಯ. "ಪುಂಡಿಪಲ್ಯ ಏನ್ರೀ ಗುಮಾಸ್ತ್ರ?" ಎಂದ. ನನಗೆ ಗೊತ್ತಿರಲಿಲ್ಲ. "ಬೇಕಾದ್ರ ತಗೋ" ಎಂದೆ. ಗಂಟನ್ನು ಒಳಗೆ ಒಯ್ದವನು ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಮುಂದಿನ ಸೋಮವಾರ ನಾನು ಕೇಳದೆಯೇ ನನ್ನ ಪ್ಲೇಟಿಗೆ ಮೂರನೆಯ ಮಿರ್ಚಿ ಬಿತ್ತು. ಮಾತಿಲ್ಲದೆ ಒಪ್ಪಂದ ಆಗಿಹೋಯಿತು. ಡಬ್ಬಿ ತೊಳೆದು, ಅರಿವೆ ಒಗೆದು, ಗಂಟು ಕಟ್ಟಿ ಬಸ್ಸಿಗೆ ಕೊಡುವ ಕೆಲಸವನ್ನೂ ಅವನೇ ವಹಿಸಿಕೊಂಡ. ನನಗೇನು, ಸುಖವಾಯಿತು.

ಮೂರು ತಿಂಗಳು ಕಳೆದಿರಬೇಕು. ಒಂದು ಸೋಮವಾರ ಬಸ್ಸಿನಿಂದ ಬುತ್ತಿಯ ಜೊತೆಗೆ ಸ್ವತಃ ಅವ್ವನೇ ಇಳಿದಳು. "ಆರಾಮ ಇದ್ದೀಯಾ?" ಅನ್ನಲಿಲ್ಲ. "ನಡಿ ನಿನ್ನ ಖೋಲಿಗೆ" ಅಂದಳು. ಖೋಲಿಗೆ ಬಂದವಳು ಬಾಗಿಲ ಹಿಂದೆ ನೋಡಿದಳು, ಕಾಟಿನ ಕೆಳಗೆ ಬಗ್ಗಿ ನೋಡಿದಳು, ಕನ್ನಡಿಯ ಹತ್ತಿರ ಕುಂಕುಮದ ಡಬ್ಬಿ ಇದೆಯೇ ಎಂದು ತಡಕಾಡಿದಳು.

"ಏನು ಹುಡುಕಾಕತ್ತೀಯವ್ವ?"

"ಆಕಿ ಎಲ್ಲಿದ್ದಾಳ?"

"ಯಾಕಿ?"

"ಗಂಟು ಕಟ್ಟಾಕಿ. ನಿನಗ ಲಾಡಿ ಕಟ್ಕೊಳ್ಳಾಕ ನೆಟ್ಟಗ ಬರಂಗಿಲ್ಲ. ಮೊದ್ಲು ಅರಿವಿ ನಾಯಿ ಎಳದಂಗ ಬರ್ತಿತ್ತು. ಈಗ ಮೂರು ತಿಂಗಳಾತು, ಒಗದು, ಮಡಚಿ, ನಾಕು ಮೂಲಿ ಸಮ ಹಿಡದು ಗಂಟು ಹಾಕಿ ಬರಾಕತ್ತದ. ನಾ ಏನು ತಿಳಿಲಾರದಾಕಿ ಅಂದ್ಕೊಂಡೀಯೇನು?"

ನನಗೆ ನಗು ಬಂತು, ಅದೇ ತಪ್ಪಾಯಿತು. ಅವ್ವ ಕಾಟಿನ ಮೇಲೆ ಕೂತು ಮೆಲ್ಲಗೆ ಕೇಳಿದಳು: "ಹೋಗ್ಲಿ, ಮನ್ನಿ ಗುರುವಾರ ಬುತ್ತ್ಯಾಗ ಏನಿತ್ತು ಹೇಳು."

"ರೊಟ್ಟಿ... ಬದನಿಕಾಯಿ."

"ಶೇಂಗಾ ಹೋಳಿಗಿ ಕಳಿಸಿದ್ದೆ. ನಿನಗ ಸೇರ್ತಾವಂತ, ಮೂರು ಗಂಟೆಕ್ಕ ಎದ್ದು ಮಾಡಿದ್ದೆ."

ಬೈದಿದ್ದರೆ ಸಹಿಸಬಹುದಾಗಿತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಣ್ಣೊಬ್ಬಳನ್ನು ಇಟ್ಟುಕೊಂಡಿದ್ದೇನೆಂದು ಅನುಮಾನಪಟ್ಟಾಗಲೂ ಅವಳ ಮುಖ ಇಷ್ಟು ಇಳಿದಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವ್ವ ಕೇಳಿ ಮುಗಿಸಿ, ತಂದಿದ್ದ ಬುತ್ತಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು. "ನಡಿ. ನನ್ನ ಅಡಗಿ ಉಂಡಾಂವ ಯಾರು, ತೋರ್ಸು."

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಬಸ್‌ಸ್ಟ್ಯಾಂಡಿನ ಎದುರಿಗೆ ಅವ್ವ ದನಿ ಏರಿಸಿದರೆ ಇಡೀ ಆಫೀಸಿಗೆ ಸುದ್ದಿ ಮುಟ್ಟುತ್ತದೆ. ಮೌನೇಶಪ್ಪನಿಗೆ ಇವಳು ಯಾರೆಂದು ತಿಳಿಯುವ ಬಗೆ ಇರಲಿಲ್ಲ. ನನ್ನನ್ನು ಕಂಡವನೇ ಶುರುಮಾಡಿದ: "ಬರ್ರಿ ಗುಮಾಸ್ತ್ರ. ಮನ್ನಿ ಹೋಳಿಗಿ ಏನ್ ಹೇಳ್ಲಿ, ಬಾಯಾಗ ಇಟ್ರ ಕರಗ್ತಿದ್ದವು. ಆದ್ರ ಪುಂಡಿಪಲ್ಯದಾಗ ಬಳ್ಳೊಳ್ಳಿ ಸ್ವಲ್ಪ ಕಡಿಮಿ ಆಗಿತ್ತು ನೋಡ್ರಿ."

"ತೀರಿತ್ತು," ಎಂದಳು ಅವ್ವ. "ಇನ್ನೂ ಸಂತಿ ಆಗಿದ್ದಿಲ್ಲ."

ಮೌನೇಶಪ್ಪ ಮಿರ್ಚಿ ಎತ್ತುವ ಜಾರ್ಯವನ್ನು ಬಾಣಲೆಯಲ್ಲೇ ಬಿಟ್ಟು ಎದ್ದ. ಕೈ ಒರೆಸಿಕೊಂಡು ಬಂದು ಅವಳ ಕಾಲು ಮುಟ್ಟಿದ. "ತಪ್ಪಾತು ಯವ್ವಾ. ಮನ್ಯಾಕಿ ಹೋಗಿ ನಾಕು ವರ್ಷಾತು. ದಿನಾ ಇದನ್ನ ಕರದು ಕರದು, ವಾಸನಿಗೇ ಊಟ ಬ್ಯಾಡಾಗ್ತದ. ರೊಟ್ಟಿ ಕಂಡು ತಡೀಲಿಕ್ಕಾಗ್ಲಿಲ್ಲ."

ಅವ್ವ ಬೆಂಚಿನ ಮೇಲೆ ಕೂತು ಬುತ್ತಿಯ ಗಂಟು ತಾನೇ ಬಿಚ್ಚಿದಳು. "ಕುಂದ್ರು, ಉಣ್ಣು. ಇವತ್ತು ಬಳ್ಳೊಳ್ಳಿ ಹಾಕೀನಿ" ಎಂದಳು. ಅವನು ಗಿರಾಕಿಗಳನ್ನು ಕಾಯಿಸಿ ಉಂಡ. ಜನ್ಮದಲ್ಲಿ ಹೋಟೆಲು ಹತ್ತದ ಅವ್ವ ಒಂದು ಮಿರ್ಚಿ ತರಿಸಿ, ಸೆರಗು ಮುಂದೆ ಮಾಡಿಕೊಂಡು ತಿಂದಳು. "ಛಲೋ ಅದ," ಎಂದಳು, "ದಿನಾ ತಿನ್ನೂದಲ್ಲ." ನನ್ನ ಕಡೆಗೆ ಮಾತ್ರ ನೋಡಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದಳು.

ಗುರುವಾರ ಬಸ್ಸು ಬಂತು. ನಾನು ಬಹಳ ಪಶ್ಚಾತ್ತಾಪದಿಂದ, ಏನೂ ತಿನ್ನದೆ, ಕೈ ಚಾಚಿ ನಿಂತಿದ್ದೆ. ಕಂಡಕ್ಟರ್ ಗಂಟನ್ನು ಹಿಂದಕ್ಕೆ ಎಳೆದುಕೊಂಡ. "ನಿಮಗಲ್ರೀ. ಮೌನೇಶಪ್ಪನ ಕೈಯಾಗ ಕೊಡು ಅಂದಾರ ನಿಮ್ಮವ್ವ."

ಒಳಗೆ ಮೌನೇಶಪ್ಪ ರೊಟ್ಟಿ ಮುರಿಯುವ ಸಪ್ಪಳ ಕೇಳುತ್ತಿತ್ತು. ನನ್ನ ಮುಂದೆ ಒಗ್ಗರಣಿ ಇತ್ತು, ಮೂರು ಮಿರ್ಚಿಯೂ ಇದ್ದವು, ಕಿವಿ ಮಾತ್ರ ಆ ಸಪ್ಪಳದ ಕಡೆಗೇ ಇತ್ತು. ನಾಚಿಕೆ ಬಿಟ್ಟು ಒಳಗೆ ಹೋಗಿ, "ಮೌನೇಶಣ್ಣ, ನನಗೊಂದು ಅರ್ಧ..." ಎಂದೆ.

"ತಡೀರಿ ಗುಮಾಸ್ತ್ರ," ಎಂದ ಅವನು ತುತ್ತು ನುಂಗಿ. "ನೀ ಉಂಡು ಮಿಕ್ಕಿದ್ರ ಅವನಿಗೆ ಕೊಡು ಅಂತ ಹೇಳಿ ಕಳಿಸ್ಯಾಳ ಯವ್ವ. ನಂದಿನ್ನೂ ಆಗಿಲ್ಲ."

ಮಿಕ್ಕಿತು, ಮೌನೇಶಪ್ಪ ಒಳ್ಳೆಯವನು, ದಿನಾ ಮಿಗಿಸುತ್ತಿದ್ದ. ಹೋಟೆಲಿನ ಚಟ ಅವತ್ತಿಗೆ ಬಿಟ್ಟಿತೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಮುಂಜಾನೆ ಒಮ್ಮೆ ಹೋಗುತ್ತಿದ್ದವನು ಅವತ್ತಿನಿಂದ ಎರಡು ಹೊತ್ತೂ ಹೋಗತೊಡಗಿದೆ. ರಾಯಚೂರಿನಲ್ಲಿ ನಮ್ಮವ್ವನ ರೊಟ್ಟಿ ಸಿಗುತ್ತಿದ್ದದ್ದು ಆ ಒಂದು ಹೋಟೆಲಿನಲ್ಲಿ ಮಾತ್ರ.