ಪೂಜೆಗೆ ಕೂತ ಸೋಲಾರ್ ಬೋರ್ಡು

ಬ್ಯಾಟರಿ ರಿಪೇರಿಯವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಬ್ಯಾಟರಿ ನೆಟ್ಟಗೇ ಇರುತ್ತದೆ, ಕೆಡುವುದು ಅದರ ಸುತ್ತಲಿನ ಜನ.

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನನ್ನ ಅಂಗಡಿ. ತೊಂಬತ್ತರ ದಶಕದ ಕೊನೆ, ಸೋಲಾರ್ ಅಂದರೆ ಜನ ನಗುತ್ತಿದ್ದ ಕಾಲ. ಶಿವಮೊಗ್ಗ ಗಾಂಧಿ ಬಜಾರಿನ ಜವಳಿ ಅಂಗಡಿ ಯಜಮಾನರೊಬ್ಬರು ಭದ್ರಾ ಹಿನ್ನೀರಿನಲ್ಲಿ ದೊಡ್ಡದೊಂದು ದೋಣಿಗೆ ಲಂಗರು ಹಾಕಿಸಿ ನಿಲ್ಲಿಸಿದ್ದರು. ನೆಂಟರನ್ನು ಕರೆಸಿ ಅದರ ಮೇಲೆ ಊಟ ಹಾಕುವುದು ಅವರ ಶೋಕಿ. ಊಟಕ್ಕೆ ದೀಪ ಬೇಕಿತ್ತು.

೧. ಪಂಥ

"ಜನರೇಟರ್ ತರಿಸ್ತೀನಿ" ಎಂದರು ಯಜಮಾನರು.

"ಬೇಡಿ, ಸೋಲಾರ್ ಬೋರ್ಡು ಹಾಕ್ತೀನಿ" ಎಂದೆ ನಾನು.

"ಬಿಸಿಲಲ್ಲಿ ಹಪ್ಪಳ ಒಣಗುತ್ತೆ ಮಾರಾಯ, ಬಲ್ಬು ಉರಿಯುತ್ತಾ?"

ನನಗೆ ರೇಗಿತು. "ಆಯುಧಪೂಜೆವರೆಗೆ ಒಂದೇ ಒಂದು ಸಂಜೆ ದೀಪ ಆರಿದರೂ ಮೀಸೆ ಬೋಳಿಸ್ತೀನಿ ಯಜಮಾನ್ರೇ! ಆಮೇಲೆ ಜನರೇಟರ್ ತರಿಸಿ."

ಮನೆಯಲ್ಲಿ ಹೆಂಡತಿ ಕೇಳಿದಳು: "ಪಂಥಕ್ಕಿಡೋಕೆ ಮೀಸೆ ಬಿಟ್ಟು ಬೇರೇನೂ ಇರ್ಲಿಲ್ವಾ?"

ನಿಜ ಹೇಳಬೇಕೆಂದರೆ, ಇರಲಿಲ್ಲ.

೨. ಬಾಟಲಿ ನೀರು

ದೋಣಿ ಕಾಯಲು ವಯಸ್ಸಾದ ಅಂಬಿಗರೊಬ್ಬರಿದ್ದರು. ಅವರ ಕೈಗೆ ಡಿಸ್ಟಿಲ್ಡ್ ವಾಟರ್ ಬಾಟಲಿ ಕೊಟ್ಟು, "ಬ್ಯಾಟರಿಗೆ ಇದೊಂದೇ ನೀರು ಹಾಕಬೇಕು ಅಣ್ಣ, ತುಂಬಾ ಶುದ್ಧ" ಎಂದು ಮೂರು ಸಲ ಹೇಳಿ ಬಂದೆ.

ವಾರ ಬಿಟ್ಟು ಹೋದರೆ ಬ್ಯಾಟರಿ ಏದುಸಿರು ಬಿಡುತ್ತಿತ್ತು. "ಏನು ಹಾಕಿದ್ರಿ?"

"ಹೊಳೆ ನೀರು ತಮ್ಮ. ಸುತ್ತ ಇಷ್ಟು ನೀರಿರುವಾಗ ಬಾಟಲಿದು ಯಾಕೆ ದಂಡ ಮಾಡೋದು?"

"ಮತ್ತೆ ಬಾಟಲಿ ಖಾಲಿಯಾಗಿದೆಯಲ್ಲ?"

"ಶುದ್ಧ ಅಂದ್ಯಲ್ಲ, ಚಾ ಮಾಡಿದೆ. ಏನೂ ರುಚಿ ಇಲ್ಲ ಬಿಡು."

ಸಂಜೆಯೊಳಗೆ ಅಂಗಡಿಯಿಂದ ಬೇರೆ ಬ್ಯಾಟರಿ ಹೊತ್ತು ತಂದೆ. ಸೊಂಟ ಹಿಡಿಯಿತು, ಮೀಸೆ ಉಳಿಯಿತು.

೩. ಎರಡನೇ ಲಂಗರು

ಬೋರ್ಡನ್ನು ದಕ್ಷಿಣಕ್ಕೆ ವಾಲಿಸಿ ಕೂರಿಸಿದ್ದೆ. ಆದರೆ ಒಂದೇ ಹಗ್ಗದ ದೋಣಿ, ಗಾಳಿ ಬೀಸಿದ ಕಡೆ ತಿರುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೋರ್ಡು ಸೂರ್ಯನಿಗೆ ಬೆನ್ನು ಹಾಕಿರುತ್ತಿತ್ತು. ಹಿಂದುಗಡೆಗೂ ಒಂದು ಲಂಗರು ಬೇಕೆಂದೆ.

"ಹೋರಿಗೇ ಒಂದು ಹಗ್ಗ ಸಾಕು" ಎಂದರು ಅಂಬಿಗರು.

ನಾನು ಬಿಡಲಿಲ್ಲ. ದೊಡ್ಡ ಕಲ್ಲಿಗೆ ಹಗ್ಗ ಬಿಗಿದು ಇಳಿಸಿದೆ. ಗಾಳಿ ಬಂತು, ದೋಣಿ ಅಲುಗಲಿಲ್ಲ. ಎದೆಯುಬ್ಬಿಸಿ ಅವರ ಮುಖ ನೋಡಿದೆ.

ಅವರು ಆಕಾಶ ನೋಡಿದರು. "ದೋಣಿಯೇನೋ ನಿಂತಿತು. ಆ ಸೂರ್ಯ ಹೋಗ್ತಾನೇ ಇದಾನಲ್ಲ, ಅವನಿಗೆ ಎಲ್ಲಿ ಕಲ್ಲು ಕಟ್ತೀಯ?"

೪. ಆಯುಧಪೂಜೆ

ಅಲ್ಲಿಯವರೆಗೆ ಒಂದು ಸಂಜೆಯೂ ದೀಪ ಆರಿರಲಿಲ್ಲ. ಕೊನೆಯ ದಿನ ಗೆದ್ದವನ ಹಾಗೆ ಮೀಸೆ ತಿರುವುತ್ತಾ ದೋಣಿ ಹತ್ತಿದೆ. ನೋಡಿದರೆ ಬೋರ್ಡೇ ಕಾಣುತ್ತಿಲ್ಲ.

ಯಜಮಾನರು ಬೆಳಿಗ್ಗೆಯೇ ಬಂದು ತಮ್ಮ ಕೈಯಾರೆ ಬೋರ್ಡಿಗೆ ಪೂಜೆ ಮಾಡಿದ್ದರು. ಅಂಗೈಯಗಲದ ಮೂರು ಪಟ್ಟೆ ವಿಭೂತಿ. ಅದರ ಮೇಲೆ ಮೊಳಗಟ್ಟಲೆ ಚೆಂಡು ಹೂವು. ಎರಡೂ ಬದಿಗೆ ಬಾಳೆಕಂದು. ಸಾಲದ್ದಕ್ಕೆ ಹಿಂದಿನ ಸಂಜೆ ನನ್ನ ಬ್ಯಾಟರಿಯಿಂದಲೇ ದೋಣಿ ತುಂಬಾ ಸೀರಿಯಲ್ ಸೆಟ್ ಉರಿಸಿದ್ದರು.

"ಬೋರ್ಡಿಗೆ ಬಿಸಿಲೇ ತಾಗ್ತಿಲ್ಲ, ಒರೆಸ್ತೀನಿ" ಎಂದು ಬಟ್ಟೆ ತೆಗೆದೆ.

"ಮುಟ್ಟಬೇಡ! ಪೂಜೆಗೆ ಇಟ್ಟಿದ್ದನ್ನ ನಾಳೆವರೆಗೆ ಮುಟ್ಟಬಾರದು!"

ಸಂಜೆ ನೆಂಟರು ಊಟಕ್ಕೆ ಕೂತರು. ಹೋಳಿಗೆ ಬಡಿಸುವಾಗ ದೀಪ ಹಳದಿಯಾಯಿತು, ಕೆಂಪಾಯಿತು, ಹೋಯಿತು.

ಕತ್ತಲಲ್ಲಿ ಯಜಮಾನರ ನಗು ಕೇಳಿಸಿತು. "ಅಂಬಿಗಣ್ಣ, ದಡಕ್ಕೆ ಹೋಗಿ ಕಟಿಂಗ್ ಶಾಪಿನವನನ್ನ ಕರ್ಕೊಂಡು ಬಾ. ಕತ್ತಿ ತರಲಿ."

ಅಂಬಿಗರು ತೆಪ್ಪದಲ್ಲಿ ಹೋದರು. ನನಗೆ ಅಳು ಬರುವಷ್ಟು ಸಿಟ್ಟು. ಆದರೂ ತಲೆ ತಗ್ಗಿಸಲಿಲ್ಲ, ಮೀಸೆ ತಿರುವುತ್ತಲೇ ಕೂತೆ. ಅರ್ಧ ಗಂಟೆ ಬಿಟ್ಟು ಅವರೊಬ್ಬರೇ ವಾಪಸ್ ಬಂದರು.

"ಎಲ್ಲಿ ಅವನು?"

"ಬರಲ್ಲಂತೆ ಯಜಮಾನ್ರೇ. ಕತ್ತಿ, ಕತ್ತರಿ ಎಲ್ಲಾ ಪೂಜೆಗೆ ಇಟ್ಟಿದಾನೆ. ನಾಳೆವರೆಗೆ ಮುಟ್ಟಬಾರದಂತೆ."

ನಾನು ಎದ್ದು ನಿಂತೆ. "ನನ್ನ ಬೋರ್ಡೂ ಅದನ್ನೇ ಹೇಳ್ತಿದೆ ಯಜಮಾನ್ರೇ! ಪೂಜೆ ಮಾಡಿಸಿಕೊಂಡ ದಿನ ಅದೂ ಕೆಲಸ ಮಾಡಲ್ಲಂತೆ!"

ನೆಂಟರೆಲ್ಲ ಹೊಟ್ಟೆ ಹಿಡಿದು ನಕ್ಕರು. ಯಜಮಾನರೂ ನಕ್ಕು, ಕತ್ತಲಲ್ಲೇ ತಡಕಾಡಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಮೀಸೆ ಉಳಿಯಿತು, ಜನರೇಟರ್ ಬರಲೇ ಇಲ್ಲ. ಮರುವರ್ಷದಿಂದ ಅವರು ಬೋರ್ಡಿಗೆ ವಿಭೂತಿ ಹಚ್ಚುತ್ತಿದ್ದುದು ಹಿಂಭಾಗಕ್ಕೆ.