ಪಂಕ್ತಿಯಲ್ಲಿ ಕೂತು ತಿಂದ ಪುಟಾಣಿ ಬರ್ಗರ್

ನಾನು ಒಂದು ಕೆಲಸ ಅಂತ ಹಿಡಿದರೆ ಸಾಕು, ಸಹಾಯಕ್ಕೆ ಮನೆಯವರು, ಬೀದಿಯವರು, ಕೊನೆಗೆ ಭದ್ರಾವತಿಯವರೂ ಎದ್ದು ನಿಲ್ಲುತ್ತಾರೆ. ಅವರೆಲ್ಲ ಸುಮ್ಮನೆ ಕೂತಿದ್ದರೆ ನನ್ನ ಎಷ್ಟೋ ಕೆಲಸ ನೆಟ್ಟಗೆ ಮುಗಿದಿರುತ್ತಿತ್ತು.

ಈ ವರ್ಷ ಮಗಳನ್ನು ಶಿವಮೊಗ್ಗದಲ್ಲೇ ಹೊಸ ಶಾಲೆಗೆ ಸೇರಿಸಿದೆವು. ಐದನೇ ಕ್ಲಾಸು. ಎಷ್ಟು ದಿನವಾದರೂ ಒಬ್ಬ ಗೆಳತಿ ಸಿಗಲಿಲ್ಲ. ಆ ಸಂಕಟಕ್ಕೆ ಒಂದು ದಿನ ಕ್ಲಾಸಿನಲ್ಲಿ ಕೊಚ್ಚಿಕೊಂಡು ಬಂದಳು: "ನಮ್ಮಮ್ಮ ಪುಟಾಣಿ ಚೀಸ್ ಬರ್ಗರ್ ಮಾಡ್ತಾಳೆ, ಅಂಗಡಿಗಿಂತ ಚೆನ್ನಾಗಿ. ಬರ್ತ್‌ಡೇಗೆ ಎಲ್ರೂ ಬನ್ನಿ."

ನಾನು ಹುಟ್ಟಿದಾಗಿನಿಂದ ಬರ್ಗರ್ ಮಾಡಿದವಳಲ್ಲ. ಬೈಯೋಣ ಅಂತ ಬಾಯಿ ತೆಗೆದೆ.

"ಇಡೀ ಕ್ಲಾಸು ಬರ್ತೀವಿ ಅಂದಿದೆ ಅಮ್ಮಾ" ಅಂದಳು. ಅವಳ ಮುಖ ನೋಡಿ ತೆಗೆದ ಬಾಯಿ ಮುಚ್ಚಿಕೊಂಡೆ.

೧. ಹೊಕ್ಕಳಿನ ಬನ್ನು

ನಮ್ಮ ರಸ್ತೆ ತಿರುವಿನ ಬೇಕರಿಯವರನ್ನು ಕೇಳಿದೆ. "ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಬನ್ನು ಬೇಕಿತ್ತು."

"ಅಯ್ಯೋ ಬೇಡ ಮೇಡಂ. ಅಷ್ಟು ಚಿಕ್ಕದು ಮಾಡಿದ್ರೆ ಹಿಟ್ಟು ಕದ್ದ ಅಂತಾರೆ ಜನ."

"ಜನಕ್ಕೆ ಕೊಡಬೇಡ್ರೀ, ನಂಗೊಬ್ಬಳಿಗೇ ಕೊಡಿ. ಮಗಳ ಬರ್ತ್‌ಡೇ."

ಬರ್ತ್‌ಡೇಯ ಹಿಂದಿನ ದಿನ, ಶನಿವಾರ ಸಂಜೆ ಟ್ರೇ ತೆರೆದರೆ ಗಾತ್ರ ಭೇಷಾಗಿತ್ತು. ಆದರೆ ಪ್ರತಿ ಬನ್ನಿನ ನೆತ್ತಿಯಲ್ಲೂ ಒಂದೊಂದು ಕೆಂಪು ಚೆರ್ರಿ ಕೂತಿತ್ತು. "ಇದೇನ್ರೀ?" ಅಂದೆ. "ಬರ್ತ್‌ಡೇ ಅಂದ್ರಲ್ಲ ಮೇಡಂ, ನನ್ನ ಕಡೆಯಿಂದ" ಅಂತ ಎದೆಯ ಮೇಲೆ ಕೈ ಇಟ್ಟುಕೊಂಡರು. ಇಂಥ ಒಳ್ಳೆಯವರನ್ನು ಬೈಯೋದಾದರೂ ಹೇಗೆ?

ಚೆರ್ರಿ ಕೀಳುವ ಕೆಲಸ ನಮ್ಮನೆಯವರಿಗೆ ಒಪ್ಪಿಸಿದೆ. ಸ್ವಲ್ಪ ಹೊತ್ತಿಗೆ ಬಂದು ತೋರಿಸಿದರು. ಕಿತ್ತ ಜಾಗದಲ್ಲೆಲ್ಲ ಗುಳಿ ಬಿದ್ದು, ಬನ್ನುಗಳಿಗೆಲ್ಲ ಹೊಕ್ಕಳು ಬಂದಿತ್ತು.

"ಚೆರ್ರಿ ಎಲ್ಲಿ?"

"ಎಸೆದೆ" ಅಂದರು, ಲಿಪ್‌ಸ್ಟಿಕ್ ಹಚ್ಚಿದ ಹಾಗಿದ್ದ ತುಟಿ ಒರೆಸಿಕೊಳ್ಳುತ್ತಾ.

೨. ಅತ್ತೆಯ ತುಪ್ಪ

ಅವತ್ತೇ ರಾತ್ರಿ ಅಡುಗೆಮನೆಯಿಂದ ಘಾಟು ಬಂತು. ಓಡಿ ಹೋದರೆ ಅತ್ತೆ ಒಲೆ ಮುಂದೆ. ಬಾಣಲೆಯಲ್ಲಿ ಹಳದಿ ರಬ್ಬರಿನಂಥದ್ದು ಬುಸುಗುಡುತ್ತಿತ್ತು. ಅದರ ಮೇಲೊಂದು ವೀಳ್ಯದೆಲೆ.

"ಅತ್ತೆ, ಏನಿದು?"

"ಫ್ರಿಜ್‌ನಲ್ಲಿ ಬೆಣ್ಣೆ ಇತ್ತಲ್ಲ, ವಾಸನೆ ಬಂದುಬಿಟ್ಟಿತ್ತು ಕಣೇ. ಕೆಡೋದ್ಯಾಕೆ ಅಂತ ತುಪ್ಪ ಕಾಯಿಸ್ತಿದ್ದೀನಿ. ಆಗಿಂದ ಕೈ ಆಡಿಸ್ತಿದ್ದೀನಿ, ತುಪ್ಪ ಬಿಡ್ತಾನೇ ಇಲ್ಲ."

ಅದು ನಾನು ಬರ್ಗರ್‌ಗೆ ತಂದಿಟ್ಟಿದ್ದ ಅಷ್ಟೂ ಚೀಸ್! ಘಮ ಬರಲಿ ಅಂತ ಪದ್ಧತಿ ಪ್ರಕಾರ ವೀಳ್ಯದೆಲೆಯನ್ನೂ ಹಾಕಿದ್ದರು. ಸೌಟು ಎತ್ತಿದರೆ ಅದರ ಹಿಂದೆ ಬಾಣಲೆಯೂ ಎದ್ದು ಬಂತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅತ್ತೆ ಮಾತ್ರ ತಣ್ಣಗೆ ಹೇಳಿದರು: "ಬೆಣ್ಣೆ ಕಲಬೆರಕೆ. ಬೆಳಿಗ್ಗೆ ಅಂಗಡಿಯವನ ಮುಖಕ್ಕೆ ಬಿಸಾಕಿ ಬಾ."

೩. ಗಾಳಿ ಆಡುವ ಟಿಕ್ಕಿ

ಬೆಳಿಗ್ಗೆ ಅಂಗಡಿಗೆ ಹೋದೆ, ಬಿಸಾಕಲಿಕ್ಕಲ್ಲ, ಮತ್ತೆ ಚೀಸ್ ತರಲಿಕ್ಕೆ. ಆಲೂಗಡ್ಡೆ ಟಿಕ್ಕಿಯ ಚಿಂತೆ ಇರಲಿಲ್ಲ. ಭದ್ರಾವತಿಯಲ್ಲಿರುವ ನಮ್ಮಕ್ಕ ಅದನ್ನು ವಹಿಸಿಕೊಂಡಿದ್ದಳು. ಹತ್ತು ಗಂಟೆಗೆ ದೊಡ್ಡ ಡಬ್ಬ ಹೊತ್ತು ಬಸ್ಸಿಳಿದು ಬಂದಳು.

ಮುಚ್ಚಳ ತೆಗೆದೆ. ಪ್ರತಿ ಟಿಕ್ಕಿಯ ನಡುವೆ ಒಂದು ತೂತು.

"ಅಕ್ಕಾ, ಇದು ವಡೆ!"

"ನನ್ನ ಬೈಬೇಡ ಮಾರಾಯ್ತಿ. ಪಕ್ಕದ ಕ್ವಾರ್ಟರ್ಸಿನ ತಮಿಳು ಆಂಟಿ ಪಾಪ ನಸುಕಲ್ಲೇ ಬಂದು ಕೈಹಾಕಿದ್ರು. ತೂತು ಬೇಡ ಅಂದ್ರೆ ಕೇಳಲ್ಲ. 'ತೂತಿಲ್ದಿದ್ರೆ ಒಳಗೆ ಬೇಯಲ್ಲ, ಬರ್ತ್‌ಡೇ ದಿನ ಮಕ್ಕಳಿಗೆ ಹಸಿ ಹಿಟ್ಟು ತಿನ್ನಿಸ್ತೀಯಾಮ್ಮ?' ಅಂತ ನನಗೇ ಗದರಿದ್ರು."

ಒಂದು ಜೋಡಿಸಿ ನೋಡೋಣ ಅಂತ ಬನ್ನಿನ ಮೇಲೆ ಟಿಕ್ಕಿ ಇಟ್ಟು ಸಾಸ್ ಹಾಕಿದೆ. ಸಾಸ್ ತೂತಿನಿಂದ ಇಳಿದು, ಬನ್ನಿನ ಬದಿಯಿಂದ ಹರಿದು, ನನ್ನ ಹೊಸ ಸೀರೆ ಮೇಲೆ ಬಿತ್ತು.

"ನೋಡು, ಒಳಗೆಲ್ಲ ಎಷ್ಟು ಚೆನ್ನಾಗಿ ಗಾಳಿ ಆಡುತ್ತೆ" ಅಂದಳು ಅಕ್ಕ.

೪. ಚೀಸ್ ಯಾರಿಗೆ ಚೀಸ್?

ಇಷ್ಟಾದರೂ ಧೈರ್ಯವಾಗಿದ್ದೆ. ಹೊಕ್ಕಳು, ತೂತು ಎಲ್ಲ ಚೀಸಿನಲ್ಲಿ ಮುಚ್ಚಿಹೋಗುತ್ತವೆ. ಜೋಡಿಸಿ, ಟೇಬಲ್ ಮೇಲಿಟ್ಟರೆ ಮಕ್ಕಳೇ ತಗೊಳ್ಳುತ್ತಾರೆ.

ಆಗ ಗಾಜನೂರಿನಿಂದ ನಮ್ಮನೆಯವರ ಚಿಕ್ಕಪ್ಪ ಬಂದರು. ನೆಂಟರಿಷ್ಟರ ಯಾವ ಮದುವೆಯಾದರೂ ಬಡಿಸುವುದಕ್ಕೆ ಅವರೇ ಮುಂದಾಳು. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಬಾಳೆಎಲೆ ಕಟ್ಟು.

"ಚಿಕ್ಕಪ್ಪ, ಎಲೆ ಬೇಡ. ಎಲ್ಲಾ ಜೋಡಿಸಿ ಕೈಗೇ ಕೊಡೋದು."

"ಅನ್ನ, ಸಾರು, ಪಲ್ಯ ಒಟ್ಟಿಗೆ ಅಮುಕಿ ಕೈಗೆ ಕೊಡ್ತಾರೇನೇ ಮಾರಾಯ್ತಿ? ಬಂದೋರಿಗೆ ಮರ್ಯಾದೆ ಬೇಡ್ವಾ? ನೀನು ಒಳಗಿರು."

ನಾನು ಸೀರೆ ತೊಳೆದು ಬರುವಷ್ಟರಲ್ಲಿ ಟೆರೇಸಿನಲ್ಲಿ ಇಡೀ ಕ್ಲಾಸು ಎರಡು ಸಾಲು ಚಕ್ಕಳಮಕ್ಕಳ ಹಾಕಿ ಕೂತಿತ್ತು. ಚಿಕ್ಕಪ್ಪ ಬಡಿಸುತ್ತಿದ್ದರು. ಎಲೆಯ ತುದಿಗೆ ಸಾಸ್, ಪಕ್ಕದಲ್ಲಿ ಈರುಳ್ಳಿ, ಸೌತೆಕಾಯಿ. ಆಮೇಲೆ ಬನ್ನಿನ ಕೆಳಗಿನ ಹೋಳು. ಮತ್ತೊಂದು ಸುತ್ತು ಬಂದು ಮೇಲಿನ ಹೋಳು. ಒಬ್ಬ ಹುಡುಗ ಕೈ ಚಾಚಿದ.

"ಹೇಯ್, ತಡಿ! ಕೊನೇವ್ರಿಗೆ ಬಡಿಸಿ ಆಗ್ಲಿ!"

ಮಕ್ಕಳು ಮಿಕಿಮಿಕಿ ನೋಡುತ್ತಿದ್ದವು. ಮಗಳು ನನ್ನ ಸೆರಗಿನ ಹಿಂದೆ ಬಂದು ನಿಂತಳು. ಕಣ್ಣ ತುಂಬ ನೀರು. "ಅಮ್ಮಾ, ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ." ಬರ್ಗರ್ ಹಾಳಾಗಲಿ, ಮಗುವಿನ ಮಾನ ಕಳೆದೆನಲ್ಲ ಅನ್ನಿಸಿತು.

ಟಿಕ್ಕಿ ಬಂತು, ಚೀಸ್ ಬಂತು. "ಹೂಂ, ಇನ್ನು ಶುರು ಮಾಡಿ!" ಅಂದರು ಚಿಕ್ಕಪ್ಪ.

ಯಾರೂ ಅಲ್ಲಾಡಲಿಲ್ಲ. ಆಮೇಲೆ ಒಂದು ಹುಡುಗಿ ಟಿಕ್ಕಿ ಎತ್ತಿ, ತೂತಿನಿಂದ ಎದುರಿನವಳನ್ನು ಇಣುಕಿ ನೋಡಿದಳು. ಎದುರಿನವಳೂ ತನ್ನ ಟಿಕ್ಕಿಯಿಂದ ಇಣುಕಿದಳು. ಆ ಕಡೆ ಒಬ್ಬ ಬನ್ನಿನ ಹೊಕ್ಕಳಿಗೆ ಸಾಸ್ ತುಂಬಿದ. ಅಷ್ಟೇ ನೋಡಿ, ಎರಡೂ ಸಾಲು ಹೋ ಅಂತ ಎದ್ದವು. ಒಬ್ಬೊಬ್ಬರೂ ಒಂದೊಂದು ಥರ ಬರ್ಗರ್ ಕಟ್ಟುವವರೇ. "ಅಜ್ಜಾ, ಇಲ್ಲಿ ಟಿಕ್ಕಿ!" "ಅಜ್ಜಾ, ನಂಗೆ ಬರೀ ಚೀಸು!"

ಚಿಕ್ಕಪ್ಪನಿಗೆ ಮೈಮೇಲೆ ದೇವರು ಬಂದ ಹಾಗಾಯಿತು. "ಚೀಸ್ ಯಾರಿಗೆ ಚೀಸ್? ಚೀಸ್, ಚೀಸ್!" ಅಂತ ಓಡಿದ್ದೇ ಓಡಿದ್ದು. ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದವರ ಕೈ ಮೇಲೆಯೇ ಬಡಿಸಿದರು. "ನಾಚ್ಕೋಬೇಡ ಮಗಾ, ನಿಮ್ಮನೆ ಅಂದ್ಕೋ!"

"ಏಯ್, ನೀನೂ ಬಾರೇ!" ಅಂತ ಇಬ್ಬರು ಹುಡುಗಿಯರು ಸರಿದು ಜಾಗ ಮಾಡಿದರು. ಮಗಳು ಸೆರಗು ಬಿಟ್ಟು ಓಡಿದಳು. ನಾನು ಅದೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಸೋಮವಾರ ಸಂಜೆ ಮಗಳು ಕುಣಿಯುತ್ತಾ ಶಾಲೆಯಿಂದ ಬಂದಳು. "ಬರ್ಗರ್ ಬಗ್ಗೆ ಏನಂದ್ರು?" ಅಂತ ಆಸೆಯಿಂದ ಕೇಳಿದೆ.

"ಅದರ ಬಗ್ಗೆ ಯಾರೂ ಏನೂ ಹೇಳ್ಲಿಲ್ಲಮ್ಮ. ಎಲ್ರೂ ಅಜ್ಜನ ಬಗ್ಗೆನೇ ಕೇಳಿದ್ರು."

ಅಷ್ಟರಲ್ಲಿ ಫೋನ್ ಬಂತು. ಕ್ಲಾಸಿನ ಹುಡುಗನೊಬ್ಬನ ತಾಯಿ. "ಮೇಡಂ, ಮುಂದಿನ ವಾರ ನಮ್ಮ ಮಗನ ಬರ್ತ್‌ಡೇ. ಬರ್ಗರ್ ನಾನೇ ಮಾಡ್ತೀನಿ. ಆದ್ರೆ ಆ ಅಜ್ಜ ಬಡಿಸದಿದ್ರೆ ಯಾರೂ ತಿನ್ನಲ್ಲ ಅಂತಿದ್ದಾನೆ. ಅವರನ್ನ ಸ್ವಲ್ಪ ಕಳಿಸ್ತೀರಾ?"

ಗಾಜನೂರಿಗೆ ಫೋನ್ ಮಾಡಿದೆ. ಚಿಕ್ಕಪ್ಪ ಗಂಭೀರವಾಗಿ ಕೇಳಿಸಿಕೊಂಡರು.

"ಬರ್ತೀನಿ. ಆದ್ರೆ ಒಂದು ವಿಷಯ ಅವರಿಗೆ ಈಗಲೇ ಹೇಳಿಬಿಡು. ಟಿಕ್ಕಿಗೆ ತೂತು ಇಲ್ದಿದ್ರೆ ನಾನು ಸೌಟು ಮುಟ್ಟಲ್ಲ. ಪದ್ಧತಿ ಅಂದ್ರೆ ಪದ್ಧತಿ."